ಹಳೇ ಕಂಪ್ಯೂಟರ್ ಚಾಲೂ ಆಗೂತನಕ

ರೋಣದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೊಸ ಕಂಪ್ಯೂಟರ್ ಇದ್ದವರು ನನ್ನ ಕಡೆ ಸುಳಿಯುವುದಿಲ್ಲ. ಬರುವುದೆಲ್ಲ ಹತ್ತು ಹನ್ನೆರಡು ವರ್ಷದ ಹಳೇ ಡಬ್ಬಿಗಳೇ. ಅವುಗಳ ಬೇನೆಯೂ ಎರಡೇ: ಮುಂಜಾನೆ ಲಗೂ ಏಳುವುದಿಲ್ಲ, ಸಂಜೆ ಲಗೂ ಮಲಗುವುದಿಲ್ಲ. ಗಜೇಂದ್ರಗಡ, ನರಗುಂದ ಅಂತ ಬೈಕಿನ ಮೇಲೆ ತಿರುಗುವವನು ನಾನು. ಹೋಗುವುದು ಕಂಪ್ಯೂಟರ್ ನೋಡಲಿಕ್ಕೇ ಆದರೂ, ವಾಪಸು ಬರುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬರುವ ಹಾಗೆ ಏನಾದರೊಂದು ಆಗಿಯೇ ಇರುತ್ತದೆ.

ಮರ್ಯಾದೆಯ ಮಾತು

ನಮ್ಮ ರೋಣದಲ್ಲೇ ಒಬ್ಬರು ಝೆರಾಕ್ಸ್ ಅಂಗಡಿಯವರಿದ್ದಾರೆ. ಭಾಳ ಸೌಮ್ಯ ಮನುಷ್ಯ. ಒಂದು ದಿನ ಬಂದು, "ಕಂಪ್ಯೂಟರ್ ಬಂದ್ ಆಗಾಕ ಒಂದ್ ತಾಸು ಹಿಡಿತೈತ್ರಿ. ಸಂಜಿಗೆ ಮನಿಗೆ ಹೋಗೂದು ತಡಾ ಆಗಿ ಬೈಸಿಕೊಳ್ಳಾಕತ್ತೀನಿ" ಅಂದರು.

ಹೋಗಿ, "ನನ್ನ ಮುಂದ ಒಮ್ಮಿ ಬಂದ್ ಮಾಡ್ರಿ, ನೋಡೋಣು" ಅಂದೆ. ಮಾಡಿದರು. ಒಂದು ಪ್ರೋಗ್ರಾಮ್ ಇನ್ನೂ ಮುಚ್ಚಿಲ್ಲ, ದಯವಿಟ್ಟು ಕಾಯಿರಿ ಅಂತ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಬಂತು. ಕೆಳಗೆ 'ಆದರೂ ಬಂದ್ ಮಾಡು' ಅನ್ನುವ ಗುಂಡಿಯೂ ಇತ್ತು. ಇವರು ಅದನ್ನು ಒತ್ತಲಿಲ್ಲ. ಕೈಕಟ್ಟಿಕೊಂಡು ಕುಂತುಬಿಟ್ಟರು.

"ಯಾಕ್ರಿ, ಗುಂಡಿ ಕಾಣಸ್ತೈತಲ್ಲ, ಒತ್ರಿ!"

"ಕಾಣಸ್ತೈತ್ರಿ. ಆದ್ರ ಅದು ಪ್ಲೀಜ್ ಅನ್ನಾಕತ್ತೈತಿ. ದಿನಾ ನೂರು ಮಂದಿ ಬಂದು 'ಲಗೂ ಕೊಡು, ಲಗೂ ಕೊಡು' ಅಂತ ನನ್ನ ಜೀವಾ ತಿಂತಾರ. ಈ ಅಂಗಡ್ಯಾಗ ನನಗ ಪ್ಲೀಜ್ ಅಂದದ್ದು ಇದೊಂದ ನೋಡ್ರಿ. ಇದರ ಮಾತು ಹ್ಯಾಂಗ ಮೀರ್ಲಿ?"

ಅಡ್ಡ ನಿಂತಿದ್ದ ಆ ಬೇಡವಾದ ಪ್ರೋಗ್ರಾಮನ್ನು ತೆಗೆದುಹಾಕಿದೆ. ಅರ್ಧ ನಿಮಿಷದಲ್ಲಿ ಬಂದ್ ಆಗತೊಡಗಿತು. ವಾರದ ಮೇಲೆ ದಾರಿಯಲ್ಲಿ ಸಿಕ್ಕಾಗ, "ಹ್ಯಾಂಗೈತ್ರಿ ಈಗ?" ಅಂದೆ.

"ಚಲೋ ಐತ್ರಿ" ಅಂದರು, ಮುಖ ಸಣ್ಣದು ಮಾಡಿ. "ಆದ್ರ ಈಗ ಅದೂ ನಮ್ಮ ಗಿರಾಕಿ ಹಂಗ ಆಗೇತಿ. ಕೆಲಸ ಮುಗದ ಕೂಡ್ಲೆ ಒಂದ್ ಮಾತೂ ಆಡದ ಹೋಗಿಬಿಡತೈತಿ."

ನಾಲ್ಕು ಮಂದಿ ಕಾವಲು

ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರನ್ನು ಊರೆಲ್ಲ ಚಾಚಾ ಅಂತಲೇ ಕರೆಯುತ್ತದೆ. ಸೀರೆಯ ಅಂಚು ಸೆರಗಿನ ನಮೂನೆಗಳೆಲ್ಲ ಅವರ ಕಂಪ್ಯೂಟರಿನಲ್ಲಿವೆ. ಮುಂಜಾನೆ ಪಾಸ್‌ವರ್ಡ್ ಹೊಡೆದು, ಎದುರಿನ ಚಾ ಅಂಗಡಿಗೆ ಹೋಗಿ, ಒಂದು ಚಾ ಕುಡಿದು, ಪೇಪರ್ ಓದಿ, ಇನ್ನೊಂದು ಚಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಚಾಲೂ ಆದ ಮೇಲೆ ನೋಡಿದರೆ ಒಳಗೆ ಒಂದಲ್ಲ, ಎರಡಲ್ಲ, ನಾಲ್ಕು ಆಂಟಿವೈರಸ್!

"ಚಾಚಾ, ಇಷ್ಟ್ಯಾಕ ಹಾಕ್ಸೀರಿ?"

"ಒಬ್ಬ ಕಾವಲಿನಾವ ನಿದ್ದಿ ಹೊಡದ್ರ ಇನ್ನೊಬ್ಬ ಎಚ್ಚರ ಇರ್ಲಿ ಅಂತ. ತಪ್ಪೇನು?"

"ನಾಲ್ಕೂ ಮಂದಿ ಎಚ್ಚರಾನ ಅದಾರ್ರಿ. ಆದ್ರ ಒಬ್ಬರನ್ನೊಬ್ರು ಕಳ್ಳ ಅಂತ ಕೊಳ್ಳಪಟ್ಟಿ ಹಿಡಕೊಂಡು ನಿಂತಾರ. ನೀವು ಒಳಗ ಹೋಗಾಕ ಬಾಗಲಾ ತಗಿಯಾವರು ಯಾರು?"

ಚಾಚಾ ಬಹಳ ಹೊತ್ತು ವಿಚಾರ ಮಾಡಿ, ಒಬ್ಬನನ್ನು ಇಟ್ಟುಕೊಂಡು ಮೂವರನ್ನು ಕೆಲಸದಿಂದ ಬಿಡಿಸಲಿಕ್ಕೆ ಒಪ್ಪಿದರು. ಕಂಪ್ಯೂಟರ್ ಒಂದೇ ನಿಮಿಷದಲ್ಲಿ ಚಾಲೂ ಆಯಿತು. ಖುಷಿಯಿಂದ ನನ್ನ ಬೆನ್ನು ತಟ್ಟಿದರು.

ಮೂರನೇ ದಿನ ನನಗೊಂದು ಫೋನ್ ಬಂತು. ಮಾಡಿದವನು ಆ ಎದುರಿನ ಚಾ ಅಂಗಡಿಯವನು. ದನಿಯಲ್ಲಿ ಗಾಬರಿ. "ಅಲ್ರೀ, ನೀವು ಬಂದು ಹೋದ ಮ್ಯಾಲೆ ಚಾಚಾ ನನ್ನ ಅಂಗಡಿ ಕಡೆ ಹಾದಿಲ್ಲ. ಕಂಪ್ಯೂಟರಿಗೆ ಆರಾಮ ಮಾಡಿ, ಚಾಚಾಗ ಏನ್ ಮಾಡಿ ಹೋದ್ರಿ?"

ಅಗಲಿಕೆ

ಅಬ್ಬಿಗೇರಿಯಲ್ಲಿ ಒಬ್ಬರು ಫೋಟೋ ಸ್ಟುಡಿಯೋ ಇಟ್ಟಿದ್ದಾರೆ, ಮನೆಯಲ್ಲಿ ಎಮ್ಮೆಗಳನ್ನೂ ಕಟ್ಟಿದ್ದಾರೆ. ಅವರ ಕಂಪ್ಯೂಟರ್ ದಿನಾ ಮುಂಜಾನೆ ಹತ್ತು ನಿಮಿಷ ಸುಮ್ಮನೆ ನಿಂತುಬಿಡುತ್ತಿತ್ತು. ಹುಡುಕಿ ಹುಡುಕಿ ಕಾರಣ ಹಿಡಿದೆ.

"ಮೊದಲೊಂದು ದೊಡ್ಡ ಪ್ರಿಂಟರ್ ಇತ್ತಲ್ರಿ, ಅದೆಲ್ಲೈತಿ?"

"ಸೂಡಿ ಊರಾಗಿರೋ ನಮ್ಮ ಅಳಿಯಾಗ ಕೊಟ್ಟು ಎರಡು ವರ್ಷ ಆತು. ಯಾಕ?"

"ಇದಕ್ಕ ನೀವು ಆ ಸುದ್ದಿ ಹೇಳಿಲ್ಲ. ದಿನಾ ಎದ್ದ ಕೂಡ್ಲೆ ಆ ಪ್ರಿಂಟರ್ ಎಲ್ಲೈತಿ ಅಂತ ಹುಡುಕಾಕತ್ತೈತಿ. ಸಿಗಲಾರದ್ದಕ್ಕ ಹಂಗ ನಿಂದರತೈತಿ."

ಅವರು ಕುರ್ಚಿ ಮೇಲೆ ಮೆತ್ತಗೆ ಕುಂತರು. ಕಣ್ಣು ಹಸಿಯಾದವು. "ಖರೇನ? ಜೋಡಿ ಎಮ್ಮಿ ಒಳಗ ಒಂದು ಕೊಟ್ಟಾಗ, ಉಳಿದದ್ದು ನಾಲ್ಕು ದಿನ ಹಿಂಗ ಬಾಗಲಾ ನೋಡಿಕೋತ ನಿಂತಿತ್ರಿ."

ನಾನು ಹಳೇ ಪ್ರಿಂಟರಿನ ಹೆಸರು ಅಳಿಸಲಿಕ್ಕೆ ಕೈ ಹಾಕುವಷ್ಟರಲ್ಲಿ ಅವರು ನನ್ನ ಕೈ ಹಿಡಿದರು. "ಇವತ್ತ ಬ್ಯಾಡ್ರಿ. ನಾಳೆ ಸೂಡಿಗೆ ಹೋಗಿ ಅದನ್ನ ಬೈಕ್ ಮ್ಯಾಲೆ ಕರಕೊಂಡು ಬರತೀನಿ. ಕಡೀಕ ಒಮ್ಮಿ ಭೆಟ್ಟಿ ಆಗ್ಲಿ, ಆಮ್ಯಾಲೆ ಅಳಸ್ರಿ."

ಕನ್ಯಾ ನೋಡುವ ದಿನ

ನರಗುಂದದಿಂದ ಒಬ್ಬರು ಮುಂಜಾನೆ ಫೋನ್ ಮಾಡಿ, "ಇದ್ದಲ್ಲಿಂದ ಹೊಂಟ ಬರ್ರಿ" ಅಂದರು. ಹನ್ನೊಂದಕ್ಕೆ ಅವರ ಮಗಳನ್ನು ನೋಡಲಿಕ್ಕೆ ವರನ ಕಡೆಯವರು ಬರುವವರಿದ್ದರು. ಅದಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಅಂದರೆ, ಆ ಹುಡುಗಿ ಕುಪ್ಪಸದ ಕಸೂತಿಗೆ ಕಂಪ್ಯೂಟರಿನಲ್ಲಿ ಚಂದ ಚಂದ ಡಿಸೈನ್ ಮಾಡುತ್ತಿದ್ದಳು.

"ಹೊಸಬರ ಮುಂದ ಆಕಿ ಬಾಯೇ ಬಿಡಂಗಿಲ್ರಿ" ಅಂದರು ತಂದೆ. "ಎರಡು ಸಂಬಂಧ ಅದಕ್ಕ ತಪ್ಪಿ ಹೋದುವು. ಆಕಿ ಮಾತಾಡದಿದ್ರೂ ಆಕಿ ಡಿಸೈನ್ ಮಾತಾಡ್ಲಿ. ಅವ್ರು ಬರೂದ್ರಾಗ ಈ ಡಬ್ಬಿ ಲಗೂ ಚಾಲೂ ಆಗೂವಂಗ ಮಾಡ್ರಿ."

ನಾನು ಕೈ ಹಚ್ಚಿ ಕಾಲು ತಾಸೂ ಆಗಿರಲಿಲ್ಲ, ಬೀಗರು ಒಂದು ತಾಸು ಮೊದಲೇ ಬಂದುಬಿಟ್ಟರು. ತಂದೆಯ ಮುಖ ಬಿಳಿಚಿತು. ಎಲ್ಲರೂ ಕಂಪ್ಯೂಟರ್ ಮುಂದೆ ನಿಂತರು. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಹತ್ತು ನಿಮಿಷದ ಮೇಲೆ ಹಿರಿಯರಿಗೆ ಬ್ಯಾಸರ ಬಂದು, "ಅದು ಆದಾಗ ಕರೀರಿ" ಅಂತ ಮಂಡಕ್ಕಿ ಸೂಸಲ, ಮಿರ್ಚಿ ಭಜಿ ತಿನ್ನಲು ನಡುಮನೆಗೆ ಹೋದರು. ಕಂಪ್ಯೂಟರ್ ಮುಂದೆ ಉಳಿದವರು ಹುಡುಗ, ಹುಡುಗಿ, ಮೂಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿದ ನಾನು.

ಹುಡುಗ ಮೋಟಾರ್ ರಿಪೇರಿ ಮಾಡುವವ. ಅವನೂ ತಲೆ ತಗ್ಗಿಸಿ ಕುಂತಿದ್ದ. ಕಡೆಗೆ, "ಒಳಗಿನ ಫ್ಯಾನ್ ಸಪ್ಪಳ ಮಾಡತೈತಲ್ಲ" ಅಂದ.

"ಹೂಂ. ಬ್ಯಾಸಗ್ಯಾಗ ಇನ್ನೂ ಜಾಸ್ತಿ" ಅಂದಳು ಹುಡುಗಿ.

"ನಮ್ಮ ಅಂಗಡ್ಯಾಗಿನ ಫ್ಯಾನ್ ಇದಕ್ಕಿಂತ ಖರಾಬ್ ಐತಿ. ಚಾಲೂ ಮಾಡಬೇಕಂದ್ರ ಮಗ್ಗಲಿಗೆ ಒಂದ್ ಏಟು ಹಾಕಬೇಕು."

ಹುಡುಗಿ ಕಿಸಕ್ಕನೆ ನಕ್ಕಳು. ಅಲ್ಲಿಂದ ಫ್ಯಾನ್ ಬಿಟ್ಟು ಕಸೂತಿ, ಕಸೂತಿ ಬಿಟ್ಟು ಶಾಲೆಯ ದಿನಗಳು, ಶಾಲೆ ಬಿಟ್ಟು ಯಾವ ಊರಿನ ಮಿರ್ಚಿ ಖಾರ ಅನ್ನುವತನಕ ಮಾತು ಹರಿಯಿತು. ಬಾಯೇ ಬಿಡದ ಹುಡುಗಿ ಈಕೆಯೇ ಏನು ಅಂತ ನನಗೇ ಅನುಮಾನ ಬಂತು. ಅಷ್ಟರಲ್ಲಿ ಕಂಪ್ಯೂಟರ್ ಚಾಲೂ ಆಯಿತು, ಪರದೆಯ ತುಂಬ ಹೂಬಳ್ಳಿ ಅರಳಿತು.

ಒಳಗಿನಿಂದ ತಂದೆ ಕೂಗಿದರು: "ಆತೇನವಾ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ಇನ್ನೂ ಇಲ್ಲಪ್ಪಾ, ತಿರಗಾಕತ್ತೈತಿ!" ಅಂದಳು. ಹುಡುಗ ನನ್ನ ಕಡೆ ಬಾಗಿ ಮೆತ್ತಗೆ, "ಅಣ್ಣಾರ, ಒಮ್ಮಿ ರೀಸ್ಟಾರ್ಟ್ ಮಾಡ್ರಲಾ, ಖಾತ್ರಿ ಆಗ್ಲಿ" ಅಂದ.

ಮಾಡಿದೆ. ಅಂದು ಒಟ್ಟು ಮೂರು ಸಲ ಖಾತ್ರಿ ಮಾಡಿದೆ. ಸಂಜೆಗೆ ಸಂಬಂಧ ಪಕ್ಕಾ ಆಯಿತು.

ಮದುವೆ ಮುಗಿದ ಮೇಲೆ ಒಂದು ದಿನ ಆ ತಂದೆ ನನ್ನ ಅಂಗಡಿಗೆ ಬಂದರು. ನನಗೆ ನಾಚಿಕೆಯೇ ಆಯಿತು. "ಅವತ್ತ ನಿಮ್ಮ ಕಂಪ್ಯೂಟರ್ ಅರ್ಧಕ್ಕ ಬಿಟ್ಟು ಬಂದೆ. ನಾಳೆ ಬಂದು ಪೂರ್ತಿ ಸರಿ ಮಾಡಿ, ಲಗೂ ಚಾಲೂ ಆಗೂವಂಗ ಮಾಡತೀನ್ರಿ" ಅಂದೆ.

ಅವರು ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದರು. "ಏ, ಅದನ್ನ ಮುಟ್ಟಾಕ ಹೋಗಬ್ಯಾಡ್ರಿ! ಮನ್ಯಾಗ ಇನ್ನೊಬ್ಬಾಕಿ ಸಣ್ಣಾಕಿ ಅದಾಳ. ಆಕೀದೂ ಲಗ್ನ ಆಗೂತನಕ ಅದು ಹಂಗ ತಿರಗಲಿ!"