ಒಂದು ದಿನ ಓಟ, ಒಂದು ದಿನ ವಿಶ್ರಾಂತಿ

1969ರ ಚಳಿಗಾಲದ ಒಂದು ಬೆಳಿಗ್ಗೆ ಸಿಂಧನೂರಿನ ಹೊರಗೆ ಕಾಲುವೆಯ ಏರಿಯ ಮೇಲೆ ಒಬ್ಬ ಮನುಷ್ಯ ಓಡಿದ. ಆ ಬೆಳಿಗ್ಗೆ ಕಾಲುವೆ ಎಲ್ಲಿಯೂ ಒಡೆದಿರಲಿಲ್ಲ. ಇವೆರಡೂ ದೃಢಪಟ್ಟ ಸಂಗತಿಗಳು. ಓಡಿದವನು ನಾನೇ ಆದ್ದರಿಂದ ಮೊದಲನೆಯದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಎರಡನೆಯದಕ್ಕೆ ಏರಿಯ ಪಕ್ಕದ ವಳಕಮದಿನ್ನಿಯ ಅರ್ಧ ಊರೇ ಸಾಕ್ಷಿ. ಅವರು ಸಲಿಕೆ, ಬುಟ್ಟಿ, ಖಾಲಿ ಚೀಲಗಳ ಸಮೇತ ನನ್ನ ಬೆನ್ನ ಹಿಂದೆಯೇ ಓಡಿ ಬಂದಿದ್ದರು!

ನಾನು ಒಂದು ದಿನಪತ್ರಿಕೆಯ ಸಿಂಧನೂರಿನ ವರದಿಗಾರ. ನೋಡಿದ್ದನ್ನು ಬರೆಯುವವನು, ನೋಡದ್ದನ್ನು ಕೇಳಿ ಖಚಿತಪಡಿಸಿಕೊಂಡು ಬರೆಯುವವನು. ಅಲ್ಲಿಯವರೆಗೆ ನನ್ನ ಒಂದು ವರದಿಗೂ ಪತ್ರಿಕೆ ತಿದ್ದುಪಡಿ ಹಾಕಿರಲಿಲ್ಲ. ಹೀಗಿದ್ದವನನ್ನು ಕೆಡಿಸಿದವನು ಅಮರೇಶ. ಅವನು ನನ್ನ ಹೆಂಡತಿ ಶರಣಮ್ಮನ ತಮ್ಮ, ಲಿಂಗಸುಗೂರಿನಲ್ಲಿ ಡ್ರಿಲ್ ಮಾಸ್ತರ. ಗಣರಾಜ್ಯೋತ್ಸವಕ್ಕೆ ಸಿಂಧನೂರಿನಲ್ಲಿ ದೂರದ ಓಟ ಏರ್ಪಾಡಾಗಿತ್ತು. ಮಸ್ಕಿ ರಸ್ತೆಯ ಕಾಲುವೆ ಸೇತುವೆಯಿಂದ ಹೊರಟು ಊರಿನ ಶಾಲೆಯ ಮೈದಾನದವರೆಗೆ, ಎರಡು ಹರದಾರಿ, ಅಂದರೆ ಆರು ಮೈಲಿ. ತೀರ್ಪುಗಾರ ಅಮರೇಶನೇ.

“ಮಾಮಾ, ಓಡಿದವರ ಸುದ್ದಿ ಕುಂತು ಬರೆಯೋದು ಸಸಾರ. ಒಮ್ಮೆರ ಓಡಿ ಬರೀರಿ ನೋಡೂಣು,” ಎಂದ, ಅತ್ತೆ ಮಾವಂದಿರ ಎದುರಿಗೇ.

ಓಟದ ಮುನ್ಸೂಚನೆಯ ವರದಿಯಲ್ಲಿ ಕೊನೆಗೆ ಒಂದು ವಾಕ್ಯ ಸೇರಿಸಿ ಕಳಿಸಿದೆ: “ನಮ್ಮ ವರದಿಗಾರರೂ ಈ ಓಟವನ್ನು ಓಡಿ ಮುಗಿಸಲಿದ್ದಾರೆ.” ಅದು ಅಚ್ಚಾಗಿಯೇ ಬಂತು.

“ಓಡೋಕಿಂತ ಮೊದ್ಲ ಛಾಪಿಸಿಬಿಟ್ರಿ?” ಎಂದಳು ಶರಣಮ್ಮ. “ಮುಗಸಲಿಲ್ಲಂದ್ರ?”

“ಮುಗಿಸ್ತೀನಿ. ಅಚ್ಚಾದದ್ದು ಸುಳ್ಳಾಗಬಾರದು.”

ಅಮರೇಶ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಒಂದು ದಿನ ಓಟ, ಒಂದು ದಿನ ಪೂರ್ಣ ವಿಶ್ರಾಂತಿ. “ಓಡಿದ್ದು ಕಾಲಿಗೆ ಹತ್ತೋದು ಮಕ್ಕೊಂಡಾಗ, ಮಾಮಾ. ಎರಡರಾಗ ಒಂದು ತಪ್ಪಿದ್ರೂ ಕೆಲಸ ಕೆಡ್ತೈತಿ.” ಇಷ್ಟು ಸುಲಭದ ಕೆಲಸಕ್ಕೆ ಮಾಸ್ತರಿಕೆ ಬೇರೆ ಬೇಕೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಮೊದಲ ದಿನ ಏರಿಯ ಮೇಲೆ ಓಡಿದೆ. ಕಾಲುವೆಗೆ ನೀರು ಬಂದಾಗಿನಿಂದ ನಮ್ಮ ಕಡೆ ಒಂದು ಅಲಿಖಿತ ಕಾನೂನು ಇದೆ: ಏರಿಯ ಮೇಲೆ ಯಾರಾದರೂ ಓಡುತ್ತಿದ್ದರೆ ಏರಿ ಎಲ್ಲೋ ಒಡೆದಿದೆ. ಪ್ರಶ್ನೆ ಕೇಳುತ್ತ ನಿಲ್ಲಬಾರದು, ಸಲಿಕೆ ಹಿಡಿದು ಹಿಂದೆ ಓಡಬೇಕು. ಈ ಕಾನೂನಿನ ಬಗ್ಗೆ ನಾನೇ ಒಮ್ಮೆ ಮೆಚ್ಚಿ ಬರೆದಿದ್ದೆ. ನನಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ತೂಬಿನ ಬಾಗಿಲು ಏರಿಸಿ ಇಳಿಸುವ ಲಸ್ಕರ್ ಭೀಮಣ್ಣ ನನ್ನನ್ನು ಮೊದಲು ನೋಡಿದ. “ಎಲ್ಲಿ ಒಡದೈತ್ರೀ ಸಾಹೇಬ್ರ?” ಎಂದು ಕೂಗಿದ. ಏನೂ ಇಲ್ಲ ಎನ್ನಲು ನನ್ನಲ್ಲಿ ಉಸಿರಿರಲಿಲ್ಲ. ಕೈ ಬೀಸಿದೆ. ಬೀಸಿದ ಕೈ ಮುಂದಕ್ಕೆ ಹೋಯಿತು.

“ಮುಂದ ಒಡದೈತಂತ, ಬರ್ರೋ!” ಭೀಮಣ್ಣನ ಗಂಟಲು ಗದ್ದೆಗಳನ್ನೆಲ್ಲ ದಾಟಿತು. “ಪೇಪರಿನವ್ರು ಓಡಾಕತ್ತಾರ! ಅವ್ರು ಸುಮ್ ಸುಮ್ನ ಓಡ್ತಾರೇನು?”

ನಾನು ಹೆದರಿ ಜೋರಾಗಿ ಓಡಿದೆ. ಅವರೂ ಜೋರಾಗಿ ಓಡಿದರು. ಕೊನೆಗೆ ಒಂದು ಜಾಲಿ ಮರ ಹಿಡಿದು ನಿಂತಾಗ ಸುತ್ತ ಸಲಿಕೆಗಳ ಕಾಡು!

“ಒಡದಿಲ್ಲಂದ್ರ ಯಾಕ ಓಡಿದ್ರಿ?” ಎಂದ ಭೀಮಣ್ಣ. ಇದು ವಿಚಾರಣೆಯ ಧಾಟಿ.

“ಮೈಗೆ ಒಳ್ಳೇದು ಅಂತ.”

ಭೀಮಣ್ಣ ಜನರ ಕಡೆ ತಿರುಗಿ ದನಿ ತಗ್ಗಿಸಿದ. “ಜಡ್ಡು ಐತಿ. ಡಾಕ್ಟರ್ ಓಡ್ಸಾಕತ್ತಾರ.”

ಒಬ್ಬ ವರದಿಗಾರನ ಹೇಳಿಕೆಯನ್ನು ಅವನ ಎದುರಿಗೇ ಹೀಗೆ ತಿರುಚಬಹುದೇ? ನಾನು ಪ್ರತಿಭಟಿಸಿದೆ. ಕೇಳುವವರು ಯಾರು? ಎಲ್ಲರೂ ಮರುಕದಿಂದ ದಾರಿ ಬಿಟ್ಟರು.

ಮರುದಿನ ವಿಶ್ರಾಂತಿ. ಹೊರಸಿನ ಮೇಲೆ ಕಾಲು ಚಾಚಿದೆನೋ ಇಲ್ಲವೋ, ಬಾಗಿಲಲ್ಲಿ ಕೆಮ್ಮು ಕೇಳಿತು. ಜಡ್ಡು ಬಿದ್ದವರನ್ನು ಮಾತಾಡಿಸಿ ಬರುವುದು ನಮ್ಮಲ್ಲಿ ಧರ್ಮ. ಬಂದವರ ಕೈಯಲ್ಲಿ ಬ್ರೆಡ್ ಇತ್ತು. ಬ್ರೆಡ್ ಬಂತೆಂದರೆ ಕಾಯಿಲೆ ಅಧಿಕೃತ! ಹಿರಿಯರು ಬಂದಾಗ ಮಲಗಿರುವಂತಿಲ್ಲ. ಎದ್ದೆ, ಕೂತೆ. ಅವರು ಹೋದರು, ಮಲಗಿದೆ. ಮತ್ತೆ ಕೆಮ್ಮು. ಎದ್ದೆ. ಬಂದವರಿಗೆಲ್ಲ ಚಾ ಆಗಬೇಕು. ಹಾಲು ಮುಗಿಯಿತು. ಹಾಲಿಗೆ ಬಜಾರಿಗೆ ಹೋದೆ. ಬಂದರೆ ಸಕ್ಕರೆ ಮುಗಿದಿತ್ತು. ಸಕ್ಕರೆಗೆ ಹೋದಾಗ ದಾರಿಯಲ್ಲಿ ಸಿಕ್ಕವರು ಬೈದರು: “ಏನ್ರೀ, ಜಡ್ಡು ಮನಷ್ಯಾ ಹಿಂಗ ತಿರಗತಾರೇನು? ಮಕ್ಕೋರಿ!”

ಸಂಜೆಗೆ ಕಾಲು ಓಡಿದ ದಿನಕ್ಕಿಂತ ಹೆಚ್ಚು ನೋಯುತ್ತಿತ್ತು.

“ಬಾಗ್ಲಾ ಹಾಕ್ಕೊಂಡು ಮಕ್ಕೊಂಡ್ರ?” ಎಂದೆ.

“ಹಾಡಹಗಲ ಬಾಗ್ಲಾ ಹಾಕಿದ್ರ, ಮುಗೀತು ಅಂತ ತಿಳ್ಕೊಂಡು ಅಳಾಕ ಬರ್ತಾರ,” ಎಂದಳು ಶರಣಮ್ಮ. “ಅವ್ರಿಗೂ ಚಾ ಮಾಡಬೇಕು.”

ಮುಂದಿನ ಓಟಕ್ಕೆ ಏರಿ ಬೇಡವೆಂದು ಮಸ್ಕಿ ರಸ್ತೆ ಹಿಡಿದೆ. ಅಲ್ಲಿ ಸಾಲಗುಂದದ ಹನುಮಪ್ಪನ ಎತ್ತಿನ ಗಾಡಿ ಬಂತು.

“ಹತ್ರೀ.”

“ಬ್ಯಾಡಪ್ಪ, ಓಡಾಕತ್ತೀನಿ.”

“ಅದಕ್ಕ ಹತ್ರೀ ಅಂದೆ. ಗಾಡಿ ಇದ್ದೂ ಗುರ್ತಿನವರನ್ನ ಓಡಿಸ್ಕೊಂಡು ಹೋದ್ರ ಜನ ನನಗೇನಂತಾರ?”

“ನಾ ಬೇಕಂತನ ಓಡ್ತೀನೋ!”

ಹನುಮಪ್ಪ ಗಾಡಿ ನಿಲ್ಲಿಸಿ ನನ್ನನ್ನು ದಿಟ್ಟಿಸಿದ. “ನಮ್ಮ ಗಾಡಿ ನಿಮಗ ಸಣ್ಣದಾತೇನ್ರೀ?”

ಇದಕ್ಕೆ ಮೇಲ್ಮನವಿ ಇಲ್ಲ. ಹತ್ತಿದೆ. ಅವನು ಇಳಿಸಿದ ಮೇಲೆ ಓಡಲು ಶುರು ಮಾಡಿದರೆ ಇನ್ನೊಂದು ಗಾಡಿ. ಅದಾದ ಮೇಲೆ ಭತ್ತದ ಲಾರಿ. ಓಟದ ದಿನಗಳಲ್ಲೆಲ್ಲ ನಾನು ಹುಲ್ಲಿನ ಮೇಲೆ, ಭತ್ತದ ಚೀಲದ ಮೇಲೆ ಒರಗಿಕೊಂಡು ಆರಾಮವಾಗಿ ಊರು ಸುತ್ತಿದೆ. ವಿಶ್ರಾಂತಿಯ ದಿನಗಳಲ್ಲೆಲ್ಲ ಎದ್ದು, ಕೂತು, ಹಾಲು ಸಕ್ಕರೆಗೆ ಓಡಾಡಿ ಸತ್ತೆ. ಒಂದು ತಾಲ್ಲೂಕಿನ ಜನ ಒಬ್ಬನ ತಾಲೀಮನ್ನು ಇಷ್ಟು ವ್ಯವಸ್ಥಿತವಾಗಿ ತಲೆಕೆಳಗು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೂ ಪ್ರೀತಿಯಿಂದ! ಪ್ರೀತಿಯ ಮೇಲೆ ದೂರು ಕೊಡುವುದು ಯಾವ ಕಚೇರಿಯಲ್ಲಿ?

ಅಮರೇಶ ತನಿಖೆಗೆ ಬಂದ. ಎಲ್ಲ ಕೇಳಿ ತಲೆ ಹಿಡಿದುಕೊಂಡ. “ಇರ್ಲಿ ಮಾಮಾ. ಓಟದ ಮುಂಚಿನ ದಿನ ಒಂದರ ಪೂರಾ ಮಕ್ಕೋರಿ. ಈ ಊರಾಗ ಬ್ಯಾಡ, ಮಸ್ಕಿಗೆ ಹೋಗ್ರಿ. ಅಲ್ಲಿ ಅಕ್ಕನ ಮನಿಯಾಗ ನಿಮಗ ಯಾರೂ ಎಬ್ಬಸಂಗಿಲ್ಲ.”

ಮಸ್ಕಿಯಲ್ಲಿ ಶರಣಮ್ಮನ ಅಕ್ಕನ ಮನೆ. ಅಕ್ಕನ ಗಂಡ, ನನ್ನ ಷಡ್ಡಕ, ನನ್ನನ್ನು ನಿಜಕ್ಕೂ ಎಬ್ಬಿಸಲಿಲ್ಲ. ಮಲಗಲಿಕ್ಕೇ ಬಿಡಲಿಲ್ಲ. ಹೊಟ್ಟೆತುಂಬ ಹೋಳಿಗೆ ಇಕ್ಕಿಸಿ ಚಪ್ಪಲಿ ಮೆಟ್ಟಿ ನಿಂತ. “ನಡೀರಿ, ಅಶೋಕನ ಶಾಸನ ನೋಡಿ ಬರೂಣು.”

“ನಾ ನೋಡೀನ್ರೀ. ಅದರ ಮ್ಯಾಲ ಬರದೂ ಬರದೀನಿ.”

“ಬರದಿರಬಹುದು. ನನ್ನ ಜೋಡಿ ನೋಡಿಲ್ಲಲ್ಲ! ಮಸ್ಕಿಗೆ ಬಂದ ಬೀಗರನ್ನ ಗುಡ್ಡಕ್ಕ ಕರಕೊಂಡು ಹೋಗಲಿಲ್ಲಂದ್ರ ಓಣ್ಯಾಗ ನನ್ನ ಮಾನ ಉಳೀತೈತೇನು?”

ಶಾಸನ ನೋಡಿದೆವು. ಇಷ್ಟು ದೂರ ಬಂದು ದೇವರನ್ನು ಬಿಡಬಾರದೆಂದು ಗುಡ್ಡದ ತುದಿಯ ಗುಡಿಗೂ ಹತ್ತಿದೆವು. ಇಳಿಯುವಾಗ ಷಡ್ಡಕನ ಗೆಳೆಯನೊಬ್ಬ ಹತ್ತುತ್ತ ಎದುರಾದ. ಅವನ ಮರ್ಯಾದೆಗಾಗಿ ಮತ್ತೊಮ್ಮೆ ಹತ್ತಿದೆವು!

ಮರುದಿನ ಸೇತುವೆಯ ಹತ್ತಿರ ಓಟಗಾರರ ಸಾಲಿನಲ್ಲಿ ನಿಂತಾಗಲೇ ನನ್ನ ಕಾಲುಗಳು ನನ್ನವಾಗಿರಲಿಲ್ಲ. ನೋಡಲು ಜನ ಸೇರಿದ್ದರು, ಗಾಡಿ ಸಮೇತ ಹನುಮಪ್ಪನೂ. ಭೀಮಣ್ಣ ನನ್ನ ಪಕ್ಕದಲ್ಲೇ ಗೆರೆಯ ಮೇಲೆ ನಿಂತು “ಬ್ಯಾಡ್ರೀ ಸಾಹೇಬ್ರ, ಜೀವಾ ದೊಡ್ದು” ಎಂದು ಬೇಡಿಕೊಳ್ಳುತ್ತಿದ್ದ. ಅಮರೇಶ ಸೀಟಿ ಊದಿ ಸೈಕಲ್ ಹತ್ತಿದ. ಓಡಿದೆ. ಸೇತುವೆ ಇನ್ನೂ ಬೆನ್ನ ಹಿಂದೆ ಕಾಣುತ್ತಿರುವಾಗಲೇ ಎಡಗಾಲಿನ ಮೀನಖಂಡ ಕಲ್ಲಾಯಿತು. ಕೂತುಬಿಟ್ಟೆ.

“ಹೇಳಿರಲಿಲ್ಲೇನು ನಾನು!” ಸೇತುವೆಯಿಂದ ನನ್ನ ಹಿಂದೆಯೇ ಓಡಿ ಬಂದಿದ್ದ ಭೀಮಣ್ಣ ಕೂಗಿದ. “ಹನುಮಪ್ಪಾ, ಗಾಡಿ ತಾ!”

“ಮುಟ್ಟಬ್ಯಾಡ್ರಿ! ನಾ ನನ್ನ ಕಾಲಾಗ ಮುಗಸ್ತೀನಿ! ಛಾಪಾ ಆಗೈತಿ!”

“ಜಡ್ಡು ಏರಿದ್ರ ಹಂಗ ಬಡಬಡಸ್ತಾರ. ಹೊಡಿ!”

ನನ್ನನ್ನು ಎತ್ತಿ ಗಾಡಿಗೆ ಹಾಕಿದರು. ಹನುಮಪ್ಪನ ಎತ್ತುಗಳು ದವಾಖಾನೆಯ ದಿಕ್ಕಿಗೆ ಓಟ ಕಿತ್ತವು. ಭೀಮಣ್ಣ ಒಂದು ಕೈಯಲ್ಲಿ ನನ್ನ ಎಡಗಾಲು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲ್ ಬೀಸುತ್ತ ಗಾಡಿಯ ಪಕ್ಕ ಓಡಿದ. ನಾವು ಓಟಗಾರರನ್ನು ಒಬ್ಬೊಬ್ಬರಾಗಿ ಹಿಂದೆ ಹಾಕಿದೆವು. ದವಾಖಾನೆಗೆ ಹೋಗುವ ದಾರಿ ಶಾಲೆಯ ಮೈದಾನವನ್ನು ದಾಟಿಯೇ ಹೋಗುತ್ತದೆ. ಸೈಕಲ್ ಮೇಲೆ ಮೊದಲೇ ಬಂದು ನಿಂತಿದ್ದ ಅಮರೇಶ ಸೀಟಿ ಊದಿದ. ಗಾಡಿ ಅಂತಿಮ ಗೆರೆ ದಾಟಿತು. ಭೀಮಣ್ಣನೂ ದಾಟಿದ.

ಮೂರನೆಯ ಬಹುಮಾನ ಭೀಮಣ್ಣನಿಗೆ ಎಂದು ಅಮರೇಶ ಘೋಷಿಸಿದ!

ನಾನು ಗಾಡಿಯಲ್ಲೇ ಎದ್ದು ಕೂತೆ. “ಇದು ಅನ್ಯಾಯ! ಅವ ಹೆಸರ ಕೊಟ್ಟಿಲ್ಲ!”

“ಹೆಸರ ನೀವು ಕೊಟ್ಟಿದ್ರಿ ಮಾಮಾ,” ಎಂದ ಅಮರೇಶ. “ಗೆರಿಯಿಂದ ಗೆರೀತನಕ ಓಡಿದಾವ ಅವ.”

ಜನ ಚಪ್ಪಾಳೆ ತಟ್ಟಿದರು. ಭೀಮಣ್ಣ ನನ್ನ ಕಾಲು ಬಿಡದೆಯೇ ಕೈ ಮುಗಿಯಲು ಹೋದ. ನನ್ನ ಕಾಲೂ ಜನರಿಗೆ ನಮಸ್ಕಾರ ಮಾಡಿತು.

ಸರ್ಕಾರಿ ವೈದ್ಯರು ಮೀನಖಂಡ ಒತ್ತಿ ನೋಡಿ, ದಣಿವು ಹೆಚ್ಚಾಗಿದೆ, ತಾಲೀಮು ಸಾಲದು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅದೇ ವಾರ ಪತ್ರಿಕೆಯಲ್ಲಿ ನನ್ನ ಮೊದಲ ತಿದ್ದುಪಡಿ ಬಂತು: “ನಮ್ಮ ಸಿಂಧನೂರು ವರದಿಗಾರರು ಓಟವನ್ನು ಮುಗಿಸಲಿದ್ದಾರೆ ಎಂದು ಪ್ರಕಟವಾಗಿತ್ತು. ಅವರು ಮುಗಿಸಲಿಲ್ಲ.” ಅದನ್ನು ಬರೆದು ಕಳಿಸಿದವನೂ ನಾನೇ.

ಭೀಮಣ್ಣ ಲಿಂಗಸುಗೂರಿನ ಓಟಕ್ಕೆ ಹೆಸರು ಕೊಟ್ಟಿದ್ದಾನೆ. ಓಟದ ದಿನದವರೆಗೂ ತನ್ನ ತಾಲೀಮಿಗೆ ಗಾಡಿಯಲ್ಲಿ ಮಲಗಿ ತನ್ನ ಮುಂದೆ ಮುಂದೆ ಬರಬೇಕೆಂದು ನನ್ನನ್ನು ಕೇಳಿದ್ದಾನೆ. ಹನುಮಪ್ಪ ಗಾಡಿ ಕೊಡಲು ಒಪ್ಪಿದ್ದಾನೆ.