ಮಣ್ಣಿಗೆ ಪಂಕ್ತಿಭೇದ

ಮಗಳು ಪಿಎಚ್‌ಡಿಗೆಂದು ಕಾಡಿನ ಮಣ್ಣು ಹಿಡಿದ ಮೇಲೆ ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಮನೆಯಲ್ಲಿ ನಗೆಗೆ ಬರವಿಲ್ಲ. ಅವಳು ಪಾಪ ಗಂಭೀರವಾಗಿಯೇ ಇರುತ್ತಾಳೆ. ನಾವೇ ಸರಿಯಿಲ್ಲ.

ಲೋಕಲ್ ರೈಲಿನಲ್ಲಿ

ಠಾಣೆ ಊರಂಚಿನ ಕಾಡಿನಿಂದ ಮಣ್ಣು ತರುವಾಗ ಒಮ್ಮೆ ನಾನೂ ಜೊತೆಗಿದ್ದೆ. ಸಂಜೆಯ ಲೇಡೀಸ್ ಡಬ್ಬ, ಕಾಲಿಡಲು ಜಾಗವಿಲ್ಲ. ಮಗಳು ಚೀಲವನ್ನು ಕೂಸಿನಂತೆ ಅವಚಿಕೊಂಡಿದ್ದಳು. ಸೀಟಿನಲ್ಲಿದ್ದ ಮರಾಠಿ ಹೆಂಗಸು ಏನಿದು ಎಂದಳು.

"ಮಣ್ಣು. ಉಸಿರಾಡ್ತದೆ, ಒತ್ತಬೇಡಿ."

"ಅಗೋ ಬಾಯಿ, ಇಲ್ಲಿ ನಮಗೇ ಉಸಿರಾಡಲಿಕ್ಕೆ ಆಗ್ತಿಲ್ಲ!" ಎಂದವಳೇ ಚೀಲವನ್ನು ಮಡಿಲಲ್ಲಿ ಕೂರಿಸಿಕೊಂಡಳು. ನಮಗೆ ಮಾತ್ರ ಡೊಂಬಿವಲಿವರೆಗೂ ಸೀಟು ಸಿಗಲಿಲ್ಲ.

ಸೊಸೈಟಿಯಲ್ಲಿ

ನಮ್ಮ ಮನೆಯ ಮಣ್ಣು ಗ್ಯಾಸ್ ಬಿಡುತ್ತದೆಂಬ ಸುದ್ದಿ ಹಬ್ಬಿತು. ನಮ್ಮ ಫ್ಲಾಟ್‌ಗಳ ಸೊಸೈಟಿಯ ಸೆಕ್ರೆಟರಿ ಮೂಗಿಗೆ ಕರ್ಚೀಫು ಹಿಡಿದು ಬಂದರು. ಮಗಳು ಮಣ್ಣಿನ ಬಾಟಲಿಯನ್ನೇ ಮೂಸಲು ಕೊಟ್ಟಳು. ಮೂಸಿದರು, ಕಣ್ಣು ಮುಚ್ಚಿ ಮತ್ತೆ ಮೂಸಿದರು. "ಮೊದಲ ಮಳೆಯ ವಾಸನೆ! ಇಲ್ಲಿನ ಫ್ಯಾಕ್ಟರಿಗಳ ಕೆಮಿಕಲ್ ಗಾಳಿ ಕುಡಿದು ಮರೆತೇ ಹೋಗಿತ್ತು." ಮರುದಿನ ಮೂಸಿಸಲು ಹೆಂಡತಿಯನ್ನೂ ಕರೆತಂದರು.

ನಮ್ಮ ಅಡುಗೆಮನೆಯಲ್ಲಿ

ನಮ್ಮ ಯಜಮಾನರು ಉಡುಪಿಯವರು, ಸ್ಟೇಷನ್ ಹತ್ತಿರ ಹೋಟೆಲು. ಹಸಿದವರನ್ನು ನೋಡಿದರೆ ಕೈ ಸುಮ್ಮನಿರುವುದಿಲ್ಲ.

ಕಾಲೇಜಿನ ಲ್ಯಾಬ್ ರಿಪೇರಿಯಲ್ಲಿತ್ತು, ಪಿಎಚ್‌ಡಿ ಗೈಡ್ ಅದೇ ವಾರ ಪ್ರಯೋಗದ ಲೆಕ್ಕ ಕೇಳಿದ್ದರು. ಮಗಳು ಬಾಟಲಿಗಳನ್ನು ನಮ್ಮ ಅಡುಗೆಕಟ್ಟೆಯ ಮೇಲೆ ಎರಡು ಸಾಲಾಗಿ ಇಟ್ಟಳು. ಒಂದು ಸಾಲಿನ ಮಣ್ಣಿಗೆ ಸಕ್ಕರೆ ನೀರು, ಇನ್ನೊಂದಕ್ಕೆ ಬರೀ ನೀರು.

"ಮಣ್ಣಿನ ಜೀವಾಣುಗಳಿಗೆ ಇಂಗಾಲವೇ ಊಟ ಅಪ್ಪ. ಸುಲಭವಾಗಿ ಸಿಕ್ಕಿದ್ರೆ ಜಾಸ್ತಿ ತಿಂದು ಜಾಸ್ತಿ ಗ್ಯಾಸ್ ಬಿಡ್ತಾವೆ, ಆ ಗ್ಯಾಸಿನಿಂದ ಭೂಮಿ ಬಿಸಿಯಾಗ್ತದೆ. ಎಷ್ಟು ಅಂತ ಎರಡು ಸಾಲು ಹೋಲಿಸಿ ನೋಡ್ಬೇಕು."

ಮರುದಿನ ಗ್ಯಾಸ್ ಅಳೆಯುವ ಮೀಟರು ಹಿಡಿದರೆ ಎರಡೂ ಸಾಲು ಸರಿಸಮ! ಮಗಳ ಮುಖ ಬಿಳುಚಿತು.

"ಆಚೆ ಸಾಲಿಗೂ ನಾನೇ ಸಕ್ಕರೆ ಹಾಕಿದೆ ಮಗಾ," ಅಂದರು ನಮ್ಮವರು. "ಒಂದು ಸಾಲಿಗೆ ಪಾಯಸ, ಒಂದಕ್ಕೆ ನೀರು ಅಂದ್ರೆ ಪಂಕ್ತಿಭೇದ ಅಲ್ವಾ? ಮನಸ್ಸು ಕೇಳಲಿಲ್ಲ."

"ಅಪ್ಪಾ, ಪೂರಾ ಎಕ್ಸ್‌ಪರಿಮೆಂಟ್ ಗಯಾ!" ಅವಳು ಅತ್ತೇಬಿಟ್ಟಳು. ಅವಳು ಅತ್ತದ್ದು ನೋಡಿ ಇವರೂ ಅತ್ತರು. ನನಗೆ ಇಬ್ಬರ ಮೇಲೂ ಮುದ್ದು ಬಂತು.

ಹೊಸ ಮಣ್ಣು ತಂದದ್ದಾಯಿತು. ಚೀಲ ಹೊತ್ತವರು ನಮ್ಮವರೇ. ಈ ಸಲ ಮಗಳು ಬರೀ ನೀರಿನ ಸಾಲಿಗೆ ಚೀಟಿ ಅಂಟಿಸಿದಳು: "ಇವರಿಗೆ ಇವತ್ತು ಏಕಾದಶಿ."

"ಮೊದಲೇ ಹೇಳಬಾರದಿತ್ತಾ? ಉಪವಾಸದವರಿಗೆ ನಾನು ಬಡಿಸ್ತೇನಾ?" ಎಂದು ಇವರು ಕೈಮುಗಿದು ದೂರ ಸರಿದರು.

ಮರುದಿನ ಲೆಕ್ಕ ಸರಿಬಂತು. ಮಗಳು ಕುಣಿದಾಡಿ ತಿರುಗಿ ನೋಡಿದರೆ, ಅಪ್ಪ ಸ್ನಾನ ಮುಗಿಸಿ ಸಕ್ಕರೆ ಡಬ್ಬ ಹಿಡಿದು ನಿಂತಿದ್ದಾರೆ.

"ಇವತ್ತು ದ್ವಾದಶಿ ಅಲ್ವಾ ಮಗಾ, ಇವರ ಪಾರಣೆ?"

ಅವಳು ನಗುತ್ತಲೇ ಕಣ್ಣೊರೆಸಿಕೊಂಡು, "ಬಡಿಸಿ ಅಪ್ಪ," ಎಂದಳು.

ಚಮಚ ಎತ್ತಿದವರು ಕೈ ತಡೆದರು. "ಭೂಮಿ ಬಿಸಿಯಾಗ್ತದೆ ಅಂದಿದ್ದಿಯಲ್ಲ, ಎಲ್ಲರಿಗೂ ಅರ್ಧರ್ಧ ಚಮಚ ಸಾಕು."