ದೊಡ್ಡವ್ವನ ಧ್ಯಾನಕೂಟ

ನಮ್ಮ ದೊಡ್ಡವ್ವ ಇರುವ ತನಕ ನಮ್ಮ ಚರ್ಚಿನ ಧ್ಯಾನಕೂಟದಲ್ಲಿ ಸೈತಾನನಿಗೆ ಕೆಲಸವಿಲ್ಲ, ದೇವರಿಗೆ ಬಿಡುವಿಲ್ಲ! ಇದು ನನ್ನ ಮಾತಲ್ಲ. ಬೈಲಹೊಂಗಲಕ್ಕೆ ಹೊಸದಾಗಿ ಬಂದ ಫಾದರ್ ಹಣೆ ಒತ್ತಿಕೊಳ್ಳುತ್ತ ಹೇಳಿದ್ದು. ಪಾಪ, ಎಳೆಯ ವಯಸ್ಸು, ಸೆಮಿನರಿಯಲ್ಲಿ ಅವರಿಗೆ ಎಲ್ಲ ಕಲಿಸಿದ್ದರು, ನಮ್ಮ ದೊಡ್ಡವ್ವನಂಥವರನ್ನು ಸಂಭಾಳಿಸುವುದೊಂದನ್ನು ಬಿಟ್ಟು.

ಧ್ಯಾನಕೂಟ ಎಂದರೆ ದಸರೆ ರಜೆಯಲ್ಲಿ ನೇಸರಗಿ, ಮನೋಳಿ, ರಾಮದುರ್ಗದ ಕಡೆಯ ಹದಿಹರೆಯದ ಹುಡುಗ ಹುಡುಗಿಯರನ್ನು ಚರ್ಚಿನ ಆವರಣದಲ್ಲಿ ಕೆಲವು ದಿನ ಕೂಡಿಹಾಕಿ, ಪ್ರಾರ್ಥನೆ, ಬೋಧನೆ, ಮೌನ ಎಂದು ಅವರ ಮನಸ್ಸನ್ನು ದೇವರ ಕಡೆ ತಿರುಗಿಸುವ ಏರ್ಪಾಡು. ಹಾಡು ಕಲಿಸುವುದು ನನ್ನ ಪಾಲಿನ ಕೆಲಸ. ಅಡುಗೆ ನನ್ನ ತಾಯಿಯ ಅಕ್ಕನದು, ಅಂದರೆ ದೊಡ್ಡವ್ವನದು. ಹುಡುಗರ ಬಾಯಲ್ಲಿ ಆಕೆ ‘ಆಯಿ’. ಹಸಿದವರ ಪ್ರಾರ್ಥನೆಯಲ್ಲಿ ಅರ್ಧ ಬೈಗುಳವೇ ಇರುತ್ತದೆ ಎಂಬುದು ಆಕೆಯ ಗಟ್ಟಿ ನಂಬಿಕೆ.

ಎರಡನೆಯ ದಿನ ಉಪವಾಸ. ಫಾದರ್ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇವತ್ತು ರೊಟ್ಟಿ ಮತ್ತು ನೀರು, ಅಷ್ಟೇ ಎಂದು ಗಂಭೀರವಾಗಿ ಹೇಳಿ ಹೋದರು. ಮಧ್ಯಾಹ್ನ ಬಂದು ನೋಡುತ್ತಾರೆ, ಎಲೆಯಲ್ಲಿ ರೊಟ್ಟಿ, ಪಕ್ಕಕ್ಕೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ!

“ಆಯಿ, ರೊಟ್ಟಿ ಮತ್ತು ನೀರು ಅಂದಿದ್ದೆನಲ್ಲ?”

“ಹೌದ್ರಿ ಫಾದರ್, ರೊಟ್ಟಿನ ಮಾಡೇನಲ್ಲ. ರೊಟ್ಟಿ ಅಂದ ಮ್ಯಾಲ ಪಲ್ಯಾ, ಚಟ್ನಿ ಅಂತ ಬ್ಯಾರೆ ಹೇಳಬೇಕೇನ್ರಿ? ನೀರೂ ಐತಿ ನೋಡ್ರಿ, ಅಲ್ಲಿ ಕೊಡದಾಗ.”

ರೊಟ್ಟಿ ಬಡಿಯುತ್ತಿದ್ದ ಹೆಂಗಸರೆಲ್ಲ ಹೌದಲ್ಲ ಎಂದು ತಲೆಯಾಡಿಸಿದರು. ಬರೀ ರೊಟ್ಟಿ ಎಂಬ ಪದಾರ್ಥವನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿದ್ದಾರೆ, ನೀವೇ ಹೇಳಿ! ಆ ಉಪವಾಸದಲ್ಲಿ ಫಾದರ್ ಎಣ್ಣೆಗಾಯಿಯನ್ನು ಇನ್ನೊಂದು ಸಲ ಹಾಕಿಸಿಕೊಂಡರು.

ಮೌನದ ಕಥೆಯಂತೂ ಕೇಳಲೇಬೇಡಿ. “ಏ, ಮೌನ ಐತಿ, ಸುಮ್ಮ ಕುಂಡ್ರಿ!” ಎಂದು ಆಕೆ ಕೂಗಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತು. ಮರದ ಕೆಳಗೆ ಕಣ್ಣು ಮುಚ್ಚಿ ಕುಳಿತ ಒಬ್ಬ ಹುಡುಗನ ಹಣೆಯ ಮೇಲೆ ಕೈಯಿಟ್ಟು, “ಯಾಕಪಾ, ಮೈ ಬಿಸಿ ಆಗೇತೇನು?” ಎಂದಳು. ಅವನು ಆಗಷ್ಟೇ ದೇವರ ಸಮೀಪ ತಲುಪಿದ್ದನಂತೆ. ಆಯಿ ಕೊಟ್ಟ ಶುಂಠಿ ಕಷಾಯ ಕುಡಿದ ಮೇಲೆ ಮತ್ತೆ ಅಷ್ಟು ದೂರ ಹೋಗಲು ಅವನಿಂದ ಆಗಲಿಲ್ಲ.

ಇನ್ನು ಫೋನುಗಳು. ಮೊದಲ ದಿನವೇ ಎಲ್ಲರ ಮೊಬೈಲು ವಸೂಲಿ ಮಾಡಿ, ಬಂದ್ ಮಾಡಿಟ್ಟುಕೊಳ್ಳಿ ಎಂದು ಫಾದರ್ ದೊಡ್ಡವ್ವನ ಕೈಗೆ ಕೊಟ್ಟಿದ್ದರು. ಆಕೆ ಇಟ್ಟುಕೊಂಡಳು, ಬಂದ್ ಮಾಡಲಿಲ್ಲ. “ಬಂದ್ ಮಾಡಿದ್ರ ಹಡದವರ ಜೀವ ಹಾರಿ ಹೋಗ್ತಾವು” ಎಂದು ಖಾಲಿ ಹಿಟ್ಟಿನ ಡಬ್ಬಿಯಲ್ಲಿ ಹಾಕಿ ಒಲೆಯ ಪಕ್ಕದಲ್ಲೇ ಇಟ್ಟುಕೊಂಡಳು. ಹಾಕಿದ್ದಷ್ಟೇ ಅಲ್ಲ, ಬಂದ ಕರೆಗಳಿಗೆಲ್ಲ ತಾನೇ ಉತ್ತರ ಕೊಡತೊಡಗಿದಳು!

“ನಿಮ್ಮ ಮಗಾ ದೇವರ ಕೂಡ ಮಾತಾಡಾಕ ಹತ್ಯಾನ್ರಿ, ಆಮ್ಯಾಲ ಮಾಡ್ರಿ.” ಇದು ಒಬ್ಬ ತಾಯಿಗೆ. ಒಂದು ಹುಡುಗಿಯ ಫೋನಿಗೆ ಪದೇ ಪದೇ ಕರೆ ಮಾಡುತ್ತಿದ್ದ ಗಡಸು ದನಿಯ ಪೋರನಿಗೆ, “ಫ್ರೆಂಡೇನು? ಅಲ್ಲಿಂದ ಯಾಕ ಒದರ್ತೀ, ಇಲ್ಲೇ ಬಾ, ನಾಳಿ ಹೋಳಗಿ ಐತಿ!” ಅವನು ನಿಜವಾಗಿಯೂ ಬಂದ! ಹೋಳಿಗೆ ಉಂಡ, ನನ್ನ ಬಳಿ ಕುಳಿತು ಎರಡು ಹಾಡನ್ನೂ ಕಲಿತು ಹೋದ.

ಡಬ್ಬಿಯಲ್ಲಿ ಗುಂಡಿ ಒತ್ತುವ ಒಂದು ಸಣ್ಣ ಫೋನಿತ್ತು. ಅದು ರಾಮದುರ್ಗದ, ಹತ್ತನೇ ಇಯತ್ತೆಯ ಒಬ್ಬ ಹುಡುಗಿಯದು. ತಾಯಿ ತೀರಿಕೊಂಡ ಸ್ವಲ್ಪ ದಿನಕ್ಕೇ ಅಪ್ಪ ಅವಳನ್ನು ತಂದು ಬೈಲಹೊಂಗಲದ ಹಾಸ್ಟೆಲಿಗೆ ಸೇರಿಸಿದ್ದ. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಆತ ಕರೆ ಮಾಡುತ್ತಲೇ ಇದ್ದ, ಅವಳು ಎತ್ತುತ್ತಿರಲಿಲ್ಲ. ರಜೆಗೂ ಊರಿಗೆ ಹೋಗದೆ ಇಲ್ಲಿಗೆ ಬಂದಿದ್ದಳು. ಧ್ಯಾನಕೂಟದ ಕೊನೆಯ ದಿನ ತಂದೆತಾಯಿಗಳು ಬರುತ್ತಾರೆ, ಮಕ್ಕಳು ಅವರ ಪಾದ ತೊಳೆದು ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿ. “ನಮ್ಮಪ್ಪ ಬಂದ್ರ ನಾ ಎದ್ದ ಹೋಗ್ತೇನ್ರಿ” ಎಂದು ಅವಳು ಫಾದರಿಗೆ ನೇರವಾಗಿಯೇ ಹೇಳಿಬಿಟ್ಟಿದ್ದಳು. ಆತನನ್ನು ಕರೆಯುವುದೋ ಬಿಡುವುದೋ ತಿಳಿಯದೆ ಫಾದರ್ ಪ್ರಾರ್ಥನೆ ಮಾಡುತ್ತಿದ್ದರು. ದೊಡ್ಡವ್ವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ರೊಟ್ಟಿ ಬಡಿಯಲು ಬಾ ಎಂದು ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಡಬ್ಬಿಯೊಳಗೆ ಸಣ್ಣ ಫೋನು ಬಡಿದುಕೊಂಡಿತು. ಹುಡುಗಿ ಮುಟ್ಟಲಿಲ್ಲ. ದೊಡ್ಡವ್ವ ಹಿಟ್ಟಿನ ಬೆರಳಲ್ಲೇ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದಳು.

“ತಾಯೀ... ನೀನ ಎತ್ತಿದೇನು?” ಅದು ಅವಳ ಅಪ್ಪನ ದನಿ.

“ಆಕಿ ಅಲ್ರಿ, ನಾ ಅಡಗಿ ಮಾಡಾಕಿ. ಅಲ್ರಿ, ಹಡದ ಮಗಳನ್ನ ಯಾಕ ತಂದು ಹಾಸ್ಟೆಲಿನ್ಯಾಗ ಒಗದ್ರಿ?”

ಗುರುತು ಪರಿಚಯವಿಲ್ಲದವನಿಗೆ ಕೇಳುವ ಮಾತೇ ಇದು? ಬಾಗಿಲಲ್ಲಿದ್ದ ನನಗೇ ಬೆವರು ಬಂತು.

“ನಾ ರಾತ್ರಿ ಟೆಂಪೋ ಹೊಡೀತೇನ್ರಿ. ಬೆಳದ ಹುಡುಗಿನ್ನ ಮನ್ಯಾಗ ಒಬ್ಬಾಕಿನ್ನ ಬಿಟ್ಟ ಹೆಂಗ ಹೋಗಲಿ? ಸ್ಟೇರಿಂಗ್ ಹಿಡದ್ರೂ ಜೀವ ಎಲ್ಲಾ ಮನಿ ಕಡೇನ ಇರತಿತ್ರಿ.”

“ಇದನ್ನ ಆಕಿಗಿ ಹೇಳೀರೇನು?”

“ಆಕಿ ಅವ್ವ ಇದ್ದಿದ್ರ ಹೇಳತಿದ್ಲು. ನನಗ ಹೇಳಾಕ ಬರಲಿಲ್ರಿ.”

“ರವಿವಾರ ಬರ್ರಿ” ಎಂದು ದೊಡ್ಡವ್ವ ಫೋನಿಟ್ಟಳು. ಹುಡುಗಿಯ ಕೈಯಲ್ಲಿದ್ದ ರೊಟ್ಟಿ ಹರಿದಿತ್ತು, ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯಲು ಕುಳಿತಳು.

ರವಿವಾರ ಆತ ಬಂದ, ಕೊನೆಯ ಬೆಂಚಿನ ತುದಿಯಲ್ಲಿ ಕುಳಿತ. ಮಕ್ಕಳೆಲ್ಲ ನೀರಿನ ಬೋಗುಣಿ ಹಿಡಿದು ತಮ್ಮ ತಮ್ಮವರ ಮುಂದೆ ಕುಳಿತರು. ಈ ಹುಡುಗಿ ಎದ್ದು ಹೋಗಲಿಲ್ಲ, ಆದರೆ ಜಾಗ ಬಿಟ್ಟು ಕದಲಲೂ ಇಲ್ಲ. ಆತ ತಲೆ ತಗ್ಗಿಸಿ ತನ್ನ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಆಗ ನಮ್ಮ ದೊಡ್ಡವ್ವ ಬೋಗುಣಿ ಎತ್ತಿಕೊಂಡು ಹೊರಟಳು! ಮಂಡಿ ನೋವಿನಿಂದ ಚರ್ಚಿನ ಪೂಜೆಯಲ್ಲೂ ಕುರ್ಚಿ ಬಿಡದವಳು ಬೆಂಚು ಹಿಡಿದು, ನರಳುತ್ತ, ಆತನ ಮುಂದೆ ನೆಲಕ್ಕೆ ಕೂರಲು ಬಗ್ಗಿದಳು.

ಹುಡುಗಿ ಓಡಿ ಬಂದು ಆಕೆಯ ತೋಳು ಹಿಡಿದಳು. “ಆಯಿ, ಏನ ಮಾಡಾಕ ಹತ್ತೀರಿ? ನಿಮಗ ಕೂಡಾಕ ಬರಾಂಗಿಲ್ಲ!”

“ಮತ್ತ ಇವರ ಕಾಲ ತೊಳಿಯಾಕ ಯಾರದಾರವ್ವಾ?”

ಹುಡುಗಿ ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ಬೋಗುಣಿ ಕಸಿದುಕೊಂಡು, ತಾನೇ ನೆಲದ ಮೇಲೆ ಕುಳಿತಳು. ಅಪ್ಪನ ಪಾದಕ್ಕೆ ನೀರು ಹಾಕಿ ಉಜ್ಜಿದಳು. ಕ್ಷಮೆ ಕೇಳುವ ಮಾತನ್ನು ಫಾದರ್ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದರು. ಅದನ್ನು ಅವಳು ಹೇಳಲಿಲ್ಲ.

“ಹಿಮ್ಮಡ ಎಷ್ಟ ಒಡದಾವ ನೋಡ. ಒಂದೀಟ ಎಣ್ಣಿ ಹಚ್ಚಿಕೊಳ್ಳಾಕ ಆಗಂಗಿಲ್ಲೇನ ನಿನಗ?”

ಆ ಹೊತ್ತಿಗೆ ನಾನು ಹಾಡು ಎತ್ತಬೇಕಿತ್ತು, ಮರೆತೇಬಿಟ್ಟೆ. ಹುಡುಗಿ ತನ್ನ ಓಢಣಿಯ ಸೆರಗಿನಿಂದ ಅಪ್ಪನ ಪಾದ ಒರೆಸಿದಳು.

“ಕ್ರಿಸ್‌ಮಸ್‌ಕ ಮನಿಗಿ ಬರತೇನಿ. ಕೊಬ್ರಿ ಎಣ್ಣಿ ತಂದಿಡು, ನಾನ ಹಚ್ಚತೇನಿ.”